ಹತ್ತು ಹೊಡೆದರೆ ಅಪ್ಪ ಬರುತ್ತಾನೆ

ಜೂನ್ 12

ಅಳಿಯ ಎನಿಸಿಕೊಂಡವನಿಗೆ,

ನಿನ್ನೆ ಭಾನುವಾರ ನೀನು ಬಂದು ನಮ್ಮ ಗ್ರಿಲ್ ಬಡಿಯುವ ಹೊತ್ತಿಗೆ ಗೋಡೆ ಗಡಿಯಾರ ಹತ್ತೂವರೆ ಹೊಡೆದು ಬಹಳ ಹೊತ್ತಾಗಿತ್ತು. ಅದಕ್ಕೇ ಬಾಗಿಲು ತೆಗೆಯಲಿಲ್ಲ. ನೀನು ಬೀದಿಯಲ್ಲಿ ನಿಂತು ಕೂಗಾಡಿದ್ದನ್ನು ಅಕ್ಕಪಕ್ಕದವರೆಲ್ಲ ಕಿಟಕಿ ತೆಗೆದು ಕೇಳಿಸಿಕೊಂಡರು. ನನ್ನ ಮಾನ ಹೋಯಿತು ಎಂದು ಹೇಳುತ್ತಿಲ್ಲ. ಅದು ನಿನಗೆ ಮಗಳನ್ನು ಕೊಟ್ಟ ದಿನವೇ ಹೋಗಿದೆ.

ಕುಟುಂಬ ಸಲಹಾ ಕೇಂದ್ರದ ಮೇಡಂ ಮುಂದೆ ನೀನೇ ರುಜು ಹಾಕಿದ ಕಾಗದವನ್ನು ಇನ್ನೊಂದು ಸಲ ಓದಿಕೊ. ಎರಡು ವಾರಕ್ಕೊಂದು ಭಾನುವಾರ, ಬೆಳಗ್ಗೆ ಹತ್ತರಿಂದ ಒಂದರವರೆಗೆ ಮಗು ನಿನ್ನ ಜೊತೆ. ಅರ್ಧ ಗಂಟೆಗಿಂತ ಹೆಚ್ಚು ತಡವಾದರೆ ಆ ದಿನ ಇಲ್ಲ. ಸಾಲಾಗಿ ಮೂರು ಸಲ ತಪ್ಪಿದರೆ ಒಪ್ಪಂದವೇ ಇಲ್ಲ. ಆಮೇಲೆ ಮಗು ಪೂರ್ತಿ ನನ್ನ ಸುಪರ್ದಿಗೆ. ನೀನು ಅವಳ ಮುಖ ನೋಡಬೇಕೋ ಬೇಡವೋ ಎಂಬುದನ್ನು ಆಗ ನಾನು ಹೇಳುತ್ತೇನೆ. ನಿನ್ನೆಯದು ಮೊದಲನೆಯದು.

ಬಂದ ದಿನವಾದರೂ ಏನು ಮಾಡುತ್ತೀಯ? ಹೋದ ತಿಂಗಳು ಉದ್ಯಾನದ ಬೆಂಚಿನ ಮೇಲೆ ಎರಡು ಗಂಟೆ ಗೊರಕೆ ಹೊಡೆದೆಯಂತೆ. ಆರು ವರ್ಷದ ಮಗು ನಿನ್ನ ಚಪ್ಪಲಿಯನ್ನು ಯಾರೂ ಕದಿಯದ ಹಾಗೆ ತೊಡೆಯ ಮೇಲಿಟ್ಟುಕೊಂಡು ಕಾವಲು ಕೂತಿತ್ತು. ಇದನ್ನು ಅವಳೇ ಬಂದು ಹೆಮ್ಮೆಯಿಂದ ಹೇಳಿದಳು.

ಎರಡು ವರ್ಷದ ಹಿಂದೆ ಆಸ್ಪತ್ರೆಯಲ್ಲಿ ನನ್ನ ಮಗಳು "ಬರ್ತಾರೆ ಅಪ್ಪಾ, ಬರ್ತಾರೆ" ಎನ್ನುತ್ತ ಎನ್ನುತ್ತಲೇ ಕಣ್ಣು ಮುಚ್ಚಿದಳು. ಆಗಲೂ ನೀನು ಬಂದದ್ದು ಎಲ್ಲ ಮುಗಿದ ಮೇಲೆ. ತಡವಾಗಿ ಬರುವುದು ನಿನಗೆ ಚಾಳಿ. ನನ್ನ ಮೊಮ್ಮಗಳಿಗೂ ಬಾಗಿಲು ನೋಡುತ್ತ ಕೂರುವ ಚಾಳಿ ಹತ್ತಿಸಬೇಡ.

ಇನ್ನು ಮೇಲೆ ಫೋನು ಮಾಡಬೇಡ, ನಾನು ಎತ್ತುವುದಿಲ್ಲ. ಆಡಿದ ಮಾತು ಗಾಳಿಗೆ ಹೋಗುತ್ತದೆ. ಏನಿದ್ದರೂ ಕಾಗದದಲ್ಲಿ ಬರೆ. ನಾಳೆ ಮೇಡಂ ಮುಂದೆ ಇಡಲು ಬೇಕಾಗುತ್ತದೆ. ಮಗುವನ್ನು "ಗುಂಡುಸೂಜಿ" ಎಂದು ಕರೆಯುವುದನ್ನೂ ನಿಲ್ಲಿಸು. ಅವಳೇನು ದರ್ಜಿ ಅಂಗಡಿಯ ಸಾಮಾನಲ್ಲ.

ನಿನ್ನ ಮಾವ


ಜೂನ್ 16

ಮಾವನವರಿಗೆ,

ನಮಸ್ಕಾರ. ಇದನ್ನು ಅಭ್ಯಾಸಬಲದಿಂದ ಬರೆದೆ, ಮನಸ್ಸಿನಿಂದಲ್ಲ.

ತಡವಾಗಿದ್ದು ನಿಜ. ಯಾಕೆ ತಡವಾಯಿತು ಅಂತ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ನಾನು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವವನು. ನನ್ನ ಪಾಳಿ ಬೆಳಗ್ಗೆ ಐದೂವರೆಗೆ ಮುಗಿಯುತ್ತದೆ ಅಂತ ಬೋರ್ಡಿನ ಮೇಲೆ ಬರೆದಿದೆ. ಬೋರ್ಡು ಏನು ಬೇಕಾದರೂ ಹೇಳಲಿ, ನನ್ನ ಜಾಗಕ್ಕೆ ಬರುವವನು ಬಂದು ನಿಂತ ಮೇಲೆ ತಾನೇ ನನ್ನ ಪಾಳಿ ಮುಗಿಯುವುದು? ಹೊತ್ತಿ ಉರಿಯುವ ಬಾಯ್ಲರನ್ನು ಬಿಟ್ಟು ಹೋಗುವ ಹಾಗಿಲ್ಲ. ನೀರು ಇಳಿದರೆ, ಒತ್ತಡದ ಮುಳ್ಳು ಕೆಂಪು ಗೆರೆ ದಾಟಿದರೆ, ಆ ಗೋಡೆಯ ಆಚೆ ಕೆಲಸ ಮಾಡುವ ಇನ್ನೂರು ಜನರ ಕತೆ ಮುಗಿಯಿತು. ನೀವು ರಿಪೇರಿ ಮಾಡುತ್ತಿರುವ ಗಡಿಯಾರ ಬಿಟ್ಟು ಚಹಾ ಕುಡಿಯಲು ಎದ್ದರೆ ಅದು ಯಾರನ್ನೂ ಕೊಲ್ಲುವುದಿಲ್ಲ.

ನನ್ನ ಜಾಗಕ್ಕೆ ಬರುವವನಿಗೆ ಕಾರ್ಖಾನೆಯಲ್ಲಿ ಎಲ್ಲರೂ "ಆಮೇಲಣ್ಣ" ಅಂತಾರೆ. ಏನು ಕೇಳಿದರೂ "ಆಮೇಲೆ ನೋಡಣ" ಅನ್ನುತ್ತಾನೆ. ಆ ಪುಣ್ಯಾತ್ಮ ಭಾನುವಾರ ಬಂದದ್ದು ಆರೂ ಹತ್ತಕ್ಕೆ. ಆರು ಗಂಟೆಯ ಬಸ್ಸು ಹೋಗಿತ್ತು. ಮುಂದಿನದನ್ನು ಹಿಡಿದು ಮೂರೂವರೆ ಗಂಟೆ ನಿಂತುಕೊಂಡೇ ಬಂದೆ.

ಬೆಂಚಿನ ಮೇಲೆ ಮಲಗಿದ್ದೂ ನಿಜ. ಹಿಂದಿನ ಸಂಜೆಯಿಂದ ರೆಪ್ಪೆ ಮುಚ್ಚಿರಲಿಲ್ಲ. ಅವಳು "ಅಪ್ಪಾ, ನೀನು ಮಲಕ್ಕೋ, ನಾನು ನೋಡ್ಕೋತೀನಿ" ಅಂದಳು. ಅವಳ ಅಮ್ಮ ಹೇಗೆ ಹೇಳುತ್ತಿದ್ದಳೋ ಹಾಗೇ ಹೇಳಿದಳು. ನಾನು ಮಲಗಿದೆ. ಇದು ತಪ್ಪಾದರೆ ಮೇಡಂಗೆ ಇದನ್ನೂ ಕೊಡಿ.

ನಾನಿರುವ ಕೋಣೆಯಲ್ಲಿ ನಾವು ಆರು ಜನ ಗಂಡಸರು. ಮಂಚ ಮೂರು. ಪಾಳಿ ಪ್ರಕಾರ ಒಬ್ಬ ಎದ್ದರೆ ಇನ್ನೊಬ್ಬ ಮಲಗುತ್ತಾನೆ. ಅಲ್ಲಿಗೆ ಮಗಳನ್ನು ಕರೆದುಕೊಂಡು ಹೋಗಲು ಆಗುವುದಿಲ್ಲ ಅಂತ ನಿಮಗಿಂತ ಚೆನ್ನಾಗಿ ನನಗೆ ಗೊತ್ತು. ಅದಕ್ಕೇ ಎರಡು ವಾರಕ್ಕೆ ಮೂರು ಗಂಟೆ ಸಾಕು ಅಂತ ರುಜು ಹಾಕಿದೆ. ಆ ಮೂರು ಗಂಟೆಯ ಮೇಲೂ ನಿಮಗೆ ಕಣ್ಣು.

ನೀವು ಗ್ರಿಲ್ ಮುಚ್ಚಿದ ಮೇಲೆ ಅವಳು ಮಹಡಿಯ ಕಿಟಕಿಯಿಂದ ಕೂಗಿದಳು: "ಅಪ್ಪಾ, ಮುಂದಿನ್ ಸಲ ಬೇಗ ಹತ್ತು ಗಂಟೆ ಆಗ್ಲಿ!" ನೀವು ಕಿಟಕಿಯನ್ನೂ ಹಾಕಿದಿರಿ.

ಗುಂಡುಸೂಜಿ ಅಂತ ಕರೆಯುವುದನ್ನು ನಿಲ್ಲಿಸುವುದಿಲ್ಲ. ಹುಟ್ಟಿದಾಗ ಅಷ್ಟೇ ಇದ್ದಳು, ಈಗಲೂ ಹಾಗೇ ಚುಚ್ಚುತ್ತಾಳೆ.

ಅವಳ ಅಪ್ಪ


ಜೂನ್ 26

ಗುಂಡುಸೂಜಿಯ ಅಪ್ಪನಿಗೆ,

ಎರಡನೆಯದೂ ಮುಗಿಯಿತು. ನಿನ್ನೆ ಹತ್ತು ಹೊಡೆಯಿತು, ಗ್ರಿಲ್ ತೆಗೆದು ಕೂತೆ. ಹತ್ತೂವರೆ ಹೊಡೆಯಿತು, ಗ್ರಿಲ್ ಹಾಕಿದೆ. ಅದಾದ ಮೇಲೆ ನೀನು ಮಹಾರಾಜನ ಹಾಗೆ ನಡೆದುಕೊಂಡು ಬಂದೆ. ಬಂದವನು ತಪ್ಪಾಯಿತು ಎನ್ನುವುದು ಬಿಟ್ಟು, ಮೊಬೈಲನ್ನು ನನ್ನ ಮೂಗಿನ ತುದಿಗೆ ಹಿಡಿದು "ನೋಡಿ, ಇನ್ನೂ ಹತ್ತಾಗಿಲ್ಲ, ನೋಡಿ" ಎಂದು ಅರಚಿದೆ. ನಾನು ನೋಡಲಿಲ್ಲ, ನೋಡುವುದೂ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಮೂವತ್ತೊಂದು ವರ್ಷದಿಂದ ಈ ಬೀದಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದೇನೆ. ನಮ್ಮ ಮನೆಯ ಗೋಡೆ ಗಡಿಯಾರ ಗಂಟೆ ಹೊಡೆದರೆ ಕೆಳಗಿನ ಬೀದಿಯವರು ಅಂಗಡಿ ಬಾಗಿಲು ತೆಗೆಯುತ್ತಾರೆ. ಅದಕ್ಕೆ ಕೀಲಿ ಕೊಡುವುದನ್ನು ಒಂದು ವಾರವೂ ತಪ್ಪಿಸಿದವನಲ್ಲ ನಾನು. ನಿನ್ನ ಆಟದ ಸಾಮಾನನ್ನು ತಂದು ಅದರ ಎದುರು ಹಿಡಿಯುತ್ತೀಯ?

ಮಗು ನಿನ್ನೆಯಿಂದ ಊಟ ಬಿಟ್ಟಿದೆ. ನಾನು ಮಧ್ಯಾಹ್ನ ಮಲಗಿದ್ದಾಗ ಒಬ್ಬಳೇ ಒಂದು, ಎರಡು ಎಂದು ಏನೋ ಎಣಿಸುತ್ತಿದ್ದದ್ದು ಅರೆನಿದ್ದೆಯಲ್ಲಿ ಕೇಳಿಸಿತು. ನೀನು ಬಂದು ಹೋದರೆ ಹೀಗೇ. ಬರದಿದ್ದರೆ ನೆಮ್ಮದಿಯಾಗಿರುತ್ತದೆ.

ಇನ್ನೊಂದು ಭಾನುವಾರ ಉಳಿದಿದೆ, ಜುಲೈ 9. ಬೇಗ ಬಂದು ಬೀದಿಯಲ್ಲಿ ನಾಟಕ ಮಾಡಬೇಡ, ತಡವಾಗಿಯೂ ಬರಬೇಡ. ಹತ್ತು ಎಂದರೆ ಹತ್ತು.

ಮಾವ


ಜೂನ್ 29

ಮಾವನವರೇ,

ಈ ಸಲ ಆಮೇಲಣ್ಣನ ಕಾಲು ಹಿಡಿದಿದ್ದೆ. ಅವನು ಐದಕ್ಕೇ ಬಂದ. ಆರರ ಬಸ್ಸೇ ಸಿಕ್ಕಿತು. ನಾನು ನಿಮ್ಮ ಗ್ರಿಲ್ ಮುಟ್ಟಿದಾಗ ಹತ್ತಕ್ಕೆ ಎರಡು ನಿಮಿಷ ಇತ್ತು. ಬಸ್ ನಿಲ್ದಾಣದ ಗಡಿಯಾರ, ಟಿಕೀಟಿನ ಮೇಲೆ ಅಚ್ಚಾದ ಹೊತ್ತು, ನನ್ನ ಮೊಬೈಲು, ಮೂರೂ ಒಂದೇ ಮಾತು ಹೇಳುತ್ತವೆ. ನಿಮ್ಮ ಮನೆಯ ಗೋಡೆ ಮಾತ್ರ ಬೇರೆ ಹೇಳುತ್ತದೆ. ಗ್ರಿಲ್ ಸಂದಿಯಿಂದ ನಾನೇ ನೋಡಿದೆ, ಹತ್ತೂ ನಲವತ್ತಮೂರು.

ನೀವು ಮೊಬೈಲಿನ ಕಡೆ ಕಣ್ಣು ಕೂಡ ಹಾಯಿಸಲಿಲ್ಲ. ಮುಖ ಆಚೆ ತಿರುಗಿಸಿಕೊಂಡಿರಿ. ಸುಳ್ಳುಗಾರನ ಲಕ್ಷಣ ಅದು. ನಿಮ್ಮ ಅಂಗಡಿಯಲ್ಲಿ ಇಪ್ಪತ್ತು ಗಡಿಯಾರ ಇಪ್ಪತ್ತು ಹೊತ್ತು ತೋರಿಸುತ್ತವೆ. ಅವುಗಳಲ್ಲಿ ಒಂದನ್ನು ನಿಮಗೆ ಬೇಕಾದ ಹಾಗೆ ತಿರುಗಿಸುವುದು ನಿಮಗೇನು ಕಷ್ಟ? ಚಿಮಟ ಹಿಡಿದು ಬದುಕಿದವರು.

ಅವಳು ನಿಮ್ಮ ಹಿಂದೆ ಮೆಟ್ಟಿಲ ಮೇಲೆ ನಿಂತಿದ್ದಳು. ಗಡಿಯಾರ ನೋಡಿದಳು, ನನ್ನನ್ನು ನೋಡಿದಳು, ತುಟಿ ಕಚ್ಚಿಕೊಂಡಳು. ಬಾಯಿ ಬಿಟ್ಟು ಏನೋ ಹೇಳಲು ಹೋಗಿ ನಿಮ್ಮ ಮುಖ ನೋಡಿ ಮೆಟ್ಟಿಲು ಹತ್ತಿ ಓಡಿದಳು. ಮಗುವನ್ನು ಅಷ್ಟು ಹೆದರಿಸಿಟ್ಟಿದ್ದೀರಿ. ಊಟ ಬಿಡದೆ ಇನ್ನೇನು ಮಾಡೀತು?

ಅಂದ ಹಾಗೆ, ನಿಮ್ಮ ಅಕ್ಷರ ಯಾಕೆ ಹಾಗೆ ಸಾಲು ಬಿಟ್ಟು ಓಡುತ್ತಿದೆ? ಒಂದೊಂದು ಅಕ್ಷರ ಹೆಬ್ಬೆರಳಿನಷ್ಟು ದಪ್ಪ. ಕೋಪ ಅಷ್ಟು ಏರಿದ್ದರೆ ನೀರು ಕುಡಿದು ಬರೆಯಿರಿ.

ಜುಲೈ 9ಕ್ಕೆ ಬರುತ್ತೇನೆ. ಭೂಮಿ ತಲೆಕೆಳಗಾದರೂ ಬರುತ್ತೇನೆ.

ಗುಂಡುಸೂಜಿಯ ಅಪ್ಪ


ಜುಲೈ 3

ಬಾಯ್ಲರಿನವನಿಗೆ,

ನಾನು ಗಡಿಯಾರ ತಿರುಗಿಸಿದೆ ಎಂದು ಬರೆದಿದ್ದೀಯ. ಈ ಮಾತನ್ನು ಬೇರೆ ಯಾರಾದರೂ ಆಡಿದ್ದರೆ ಅಂಗಡಿಯಿಂದ ಇಳಿದು ಹೋಗಿ ಕಪಾಳಕ್ಕೆ ಕೊಡುತ್ತಿದ್ದೆ.

ಒಂದು ವಿಷಯ ತಿಳಿದುಕೊ. ಗಂಟೆ ಹೊಡೆಯುವ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸಬಾರದು. ತಿರುಗಿಸಿದರೆ ಒಳಗಿನ ಹಲ್ಲು ತಪ್ಪಿ, ಮುಳ್ಳು ಒಂದು ಹೇಳುತ್ತದೆ, ಗಂಟೆ ಇನ್ನೊಂದು ಹೊಡೆಯುತ್ತದೆ. ಮುಂದೆ ಹೋಗಿದ್ದರೆ ಲೋಲಕ ನಿಲ್ಲಿಸಿ, ಹೊರಗಿನ ಹೊತ್ತು ಬಂದು ಕೂಡಿಕೊಳ್ಳುವವರೆಗೆ ಸುಮ್ಮನೆ ಕಾಯಬೇಕು. ಇದು ನಮ್ಮ ಕಸುಬಿನ ಮೊದಲ ಪಾಠ. ನನ್ನ ಮೊಮ್ಮಗಳಿಗೂ ಕಲಿಸಿದ್ದೇನೆ, ನಿನಗೆ ಗೊತ್ತಿರಲಿಕ್ಕಿಲ್ಲ. ಅಂಥ ನಾನು ನಿನ್ನಂಥವನಿಗೋಸ್ಕರ ನನ್ನ ಗಡಿಯಾರ ಕೆಡಿಸಿಕೊಳ್ಳುತ್ತೇನೆಯೇ? ಕೋತಿ ತಾನು ಮೊಸರು ತಿಂದು ಮೇಕೆಯ ಮೂತಿಗೆ ಒರೆಸಿತಂತೆ. ಹಾಗಾಯಿತು ನಿನ್ನ ಕತೆ.

ಟಿಕೀಟು, ಮೊಬೈಲು ಎಲ್ಲ ನಿನ್ನ ಹತ್ತಿರವೇ ಇರಲಿ. ನನ್ನ ಅಕ್ಷರದ ಚಿಂತೆ ನಿನಗೆ ಬೇಡ.

ನೀನು ಬರುವ ದಿನ ಮಗು ಬೆಳಗಿನಿಂದ "ಅಪ್ಪ ಯಾವಾಗ, ಅಪ್ಪ ಯಾವಾಗ" ಎಂದು ತಲೆ ತಿನ್ನುತ್ತದೆ. "ಹತ್ತು ಹೊಡೆದರೆ ನಿಮ್ಮಪ್ಪ ಬರುತ್ತಾನೆ, ಸುಮ್ಮನೆ ಕೂರು" ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಹತ್ತು ಹೊಡೆದರೂ ಬರದವನ ಪರವಾಗಿ ನಾನು ಸುಳ್ಳುಗಾರ ಆಗುತ್ತಿದ್ದೇನೆ.

ಮಾವ


ಜುಲೈ 10

ಗಡಿಯಾರದ ಮುದುಕನಿಗೆ,

ಥೂ! ಇನ್ನು ನಮಸ್ಕಾರವೂ ಇಲ್ಲ, ಮಾವ ಅನ್ನುವ ಮಾತೂ ಇಲ್ಲ.

ನಿನ್ನೆ ಬೆಳಗ್ಗೆ ಒಂಬತ್ತು ಮೂವತ್ತೈದಕ್ಕೆ ನಿಮ್ಮ ಬೀದಿಗೆ ಕಾಲಿಟ್ಟೆ. ಮೂಲೆಯ ನಲ್ಲಿಯಲ್ಲಿ ಮುಖ ತೊಳೆದೆ, ಅಂಗಿ ಬದಲಿಸಿದೆ. ಬೇಗ ಬಂದು ನಾಟಕ ಮಾಡಬೇಡ ಅಂತ ಅಪ್ಪಣೆಯಾಗಿತ್ತಲ್ಲ, ಅದಕ್ಕೇ ಹತ್ತು ನಿಮಿಷ ಕಂಬಕ್ಕೆ ಒರಗಿ ನಿಂತೆ. ಒಂಬತ್ತು ಐವತ್ತಕ್ಕೆ ಇನ್ನು ತಡೆಯಲಾರದೆ ಬಂದು ಗ್ರಿಲ್ ಬಡಿದೆ. ಬೀಗ ಹಾಕಿತ್ತು! ಒಳಗೆ ಗೋಡೆಯ ಮೇಲೆ ಹತ್ತೂ ಐವತ್ತು. ನೀವು ಕುರ್ಚಿಯಲ್ಲಿ ಕೂತು "ಮೂರು" ಅಂತ ಬೆರಳು ತೋರಿಸಿದಿರಿ.

ಹೋದ ಸಲ ಮುಕ್ಕಾಲು ಗಂಟೆ, ಈ ಸಲ ಪೂರ್ತಿ ಒಂದು ಗಂಟೆ. ಕದಿಯುವುದರಲ್ಲೂ ಒಂದು ಅಳತೆ ಬೇಡವೇ? ನಾನು ಬೆಳಗಿನ ಜಾವ ನಾಲ್ಕಕ್ಕೆ ಬಂದರೂ ನಿಮ್ಮ ಗೋಡೆ ನನ್ನನ್ನು ತಡವಾಗಿಸುತ್ತಿತ್ತು, ಹಿಂದಿನ ವಾರವೇ ಬಂದು ಕೂತಿದ್ದರೂ ತಡವಾಗಿಸುತ್ತಿತ್ತು.

ಅವಳು ಒಳಗಿನಿಂದ ಅಳುತ್ತಿದ್ದಳು. "ತಾತ, ಹತ್ತು ಹೊಡೀತಲ್ಲ, ಅಪ್ಪ ಬಂದ್ನಲ್ಲ, ತೆಗೀರಿ" ಅಂತ. ನಿಮಗೆ ಕೇಳಿಸಲಿಲ್ಲವೇ? ಕೇಳಿಸಿತು. ನಿಮ್ಮ ಕಿವಿ ಚುರುಕು ಅಂತ ನನಗೆ ಗೊತ್ತು.

ಮೇಡಂ ಮುಂದೆ ಹೇಳುತ್ತೇನೆ, ಈ ಮನುಷ್ಯ ಮೂವತ್ತೊಂದು ವರ್ಷ ಊರವರ ಹೊತ್ತು ಸರಿ ಮಾಡಿ, ಕೊನೆಗೆ ಸ್ವಂತ ಮೊಮ್ಮಗಳ ಹೊತ್ತು ಕದ್ದ ಅಂತ. ನಂಬಿದರೆ ನಂಬಲಿ, ಬಿಟ್ಟರೆ ಬಿಡಲಿ.

ಅಪ್ಪ


ಜುಲೈ 14

ನಿನ್ನ ಕಾಗದ ಬಂತು.

ಮೂರು ಸಲ ತಪ್ಪಿದ ವಿಷಯ ಮೇಡಂಗೆ ಭಾನುವಾರ ಬೆಳಗ್ಗೆಯೇ ಹೇಳಿ ಕಳಿಸಿದ್ದೆ. ಜುಲೈ 27ಕ್ಕೆ ಇಬ್ಬರೂ ಬರಬೇಕು ಎಂದಿದ್ದಾರೆ.

ಗಡಿಯಾರದ ವಿಷಯ ಇನ್ನು ಎತ್ತಬೇಡ.

ಮಗು ಊಟ ಮಾಡುತ್ತಿದೆ.


ಜುಲೈ 18

ಗಡಿಯಾರದ ವಿಷಯ ಎತ್ತಬೇಡ ಅಂದರೆ ಏನರ್ಥ? ಹದಿನೈದು ದಿನದ ಹಿಂದೆ ಅದರ ಬಗ್ಗೆ ಎರಡು ಪುಟ ಪ್ರವಚನ ಕೊಟ್ಟವರು ನೀವು. ಈಗ ಒಂದು ಸಾಲು. ಗೆದ್ದಾಯಿತು, ಇನ್ನು ಮಾತಾಡುವುದೇನಿದೆ ಅಂತ ತಾನೇ?

ಸರಿ, ಪೂರ್ತಿ ಗೆದ್ದ ಖುಷಿ ಅನುಭವಿಸಿ. ನಾನು ಹೇಳದೆ ಬಿಟ್ಟಿದ್ದನ್ನೂ ಕೇಳಿ.

ಜುಲೈ 9ರ ಬೆಳಗ್ಗೆ ಆಮೇಲಣ್ಣ ಬರಲಿಲ್ಲ. ಐದೂವರೆ ಆಯಿತು, ಐದೂ ಮುಕ್ಕಾಲು ಆಯಿತು. ಫೋನು ಮಾಡಿದರೆ "ಬಂದೆ, ಬಂದೆ, ದಾರೀಲಿದೀನಿ" ಅಂದ. ಅವನು ದಾರಿಯಲ್ಲಿದ್ದೇನೆ ಅಂದರೆ ಇನ್ನೂ ಮಂಚದಿಂದ ಇಳಿದಿಲ್ಲ ಅಂತ ಅರ್ಥ. ನಾನು ಬಾಯ್ಲರ್ ಮುಂದೆ ನಿಂತು ಒತ್ತಡದ ಮುಳ್ಳು ನೋಡಿದೆ. ಮೊಬೈಲಿನಲ್ಲಿ ಹೊತ್ತು ನೋಡಿದೆ. ಬೆಂಕಿ ತಗ್ಗಿಸಿದೆ, ನೀರು ಬಿಟ್ಟೆ, ಕೈ ಒರೆಸಿಕೊಂಡೆ. ಬಾಗಿಲು ಹಾಕಿಕೊಂಡು ಹೊರಟುಬಿಟ್ಟೆ.

ನಿಮಗೆ ಇದು ಏನೂ ಅನ್ನಿಸಲಿಕ್ಕಿಲ್ಲ. ನಮ್ಮ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಪಾಪ ಇಲ್ಲ. ಹನ್ನೊಂದು ವರ್ಷದಲ್ಲಿ ಒಂದು ನಿಮಿಷ ಹಾಗೆ ಬಿಟ್ಟು ಹೋದವನಲ್ಲ. ಇಪ್ಪತ್ತೈದು ನಿಮಿಷ ಅಲ್ಲಿ ಯಾರೂ ಇರಲಿಲ್ಲವಂತೆ. ಹಬೆ ಏರಿ ಸೇಫ್ಟಿ ವಾಲ್ವ್ ಸಿಳ್ಳೆ ಹೊಡೆದು ಇಡೀ ಕಾರ್ಖಾನೆ ಹೊರಗೆ ಓಡಿತಂತೆ. ಯಾರಿಗೂ ಏನೂ ಆಗಲಿಲ್ಲ, ಅದು ನನ್ನ ಪುಣ್ಯವೋ ಅವರ ಪುಣ್ಯವೋ. ಸೋಮವಾರ ಮ್ಯಾನೇಜರು ಒಳಗೆ ಕರೆದು, "ನಿನ್ನಂಥೋನೇ ಹೀಗ್ ಮಾಡಿದ್ರೆ ಇನ್ಯಾರನ್ನಯ್ಯಾ ನಂಬೋದು?" ಅಂತ ಕೇಳಿದರು. ಬಾಯ್ಲರ್ ಕೋಣೆಯ ಬೀಗದ ಕೈ ಇಸಿದುಕೊಂಡರು. ಅವರನ್ನು ಬೈಯಲು ನನಗೆ ಬಾಯಿಲ್ಲ. ಈಗ ಗೋದಾಮಿನಲ್ಲಿ ಬಟ್ಟೆಯ ಮೂಟೆ ಹೊತ್ತು ಲಾರಿಗೆ ಹಾಕುತ್ತೇನೆ.

ಎರಡು ವರ್ಷದ ಹಿಂದೆ ನಿಮ್ಮ ಮಗಳು ಹೋಗುತ್ತಿದ್ದಾಗ ಇದೇ ಆಗಿತ್ತು. ಆಸ್ಪತ್ರೆಯಿಂದ ಫೋನು ಬಂತು, ನನ್ನ ಜಾಗಕ್ಕೆ ಬರುವವನು ಬರಲಿಲ್ಲ. ಆವತ್ತು ನಾನು ಬಾಯ್ಲರ್ ಬಿಟ್ಟು ಬರಲಿಲ್ಲ. ಇನ್ನೂರು ಜನ ಬದುಕಲಿ ಅಂತ ನಿಂತೆ, ನನ್ನವಳು ಹೋದಳು. ಅದಕ್ಕೆ ನೀವು ನನ್ನನ್ನು ಕ್ಷಮಿಸಲಿಲ್ಲ. ನಾನೂ ನನ್ನನ್ನು ಕ್ಷಮಿಸಿಲ್ಲ, ಅದು ಬೇರೆ ಮಾತು. ಈ ಸಲ ಹಾಗಾಗಬಾರದು ಅಂತ ಬಿಟ್ಟು ಬಂದೆ. ಬಂದರೆ ನಿಮ್ಮ ಬೀಗ.

ಈಗ ಹೇಳಿ, ನಾನು ಇನ್ನೇನು ಮಾಡಬೇಕಿತ್ತು? 27ಕ್ಕೆ ಮೇಡಂ ಮುಂದೆ ನಿಂತು ನೀವು ಅದನ್ನು ಹೇಳಬೇಕು. ನನ್ನ ಮಗಳ ಎದುರಿಗೇ ಹೇಳಿ, ಅವಳಿಗೂ ಗೊತ್ತಾಗಲಿ.


ಜುಲೈ 23, ಭಾನುವಾರ

ಅಳಿಯನಿಗೆ,

ಇದನ್ನು ಕ್ಷಮಾಪಣೆ ಎಂದು ಓದಬೇಡ. ನಿನ್ನ ಹತ್ತಿರ ಕ್ಷಮೆ ಕೇಳುವಷ್ಟು ನಾನು ಮೆತ್ತಗಾಗಿಲ್ಲ. ನೀನು ನನ್ನನ್ನು ಕಳ್ಳ ಎಂದೆ, ಅದು ಸುಳ್ಳು. ನಿನ್ನ ಮೊಬೈಲು ಹೇಳಿದ್ದು ನಿಜ. ಎರಡನ್ನೂ ಬರೆಯಬೇಕಾಗಿದೆ.

ಜುಲೈ 9ರಂದು ನಿನ್ನನ್ನು ಕಳಿಸಿದ ಮೇಲೆ ಮಧ್ಯಾಹ್ನ ಮಲಗಿದ್ದೆ. ಥಟ್ಟನೆ ಎಚ್ಚರವಾಯಿತು. ಏನೂ ಸದ್ದಾಗಿರಲಿಲ್ಲ, ಅದಕ್ಕೇ ಎಚ್ಚರವಾಯಿತು. ಗಡಿಯಾರದ ಟಿಕ್ ಟಿಕ್ ನಿಂತಿತ್ತು. ಹೊರಗೆ ಬಂದರೆ ಮಗು ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತು ಲೋಲಕವನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದೆ.

"ಏನ್ ಮಾಡ್ತಿದೀಯಮ್ಮ?" ಎಂದೆ.

"ಶ್! ಮಾತಾಡ್ಬೇಡಿ ತಾತ, ಲೆಕ್ಕ ತಪ್ಪೋಗತ್ತೆ. ನಿಜವಾದ್ ಟೈಮ್ ಬರ್ಲಿ ಅಂತ ಕಾಯ್ತಿದೀನಿ."

"ಎಷ್ಟೊತ್ತಿಂದ?"

"ಇನ್ನೂ ಹದಿನಾಲ್ಕು ಅರವತ್ತು ಬಾಕಿ ಇದೆ."

ಕೆಳಗಿಳಿಸಿ ಕೂರಿಸಿಕೊಂಡು ಕೇಳಿದೆ. ನಾನು ಬಚ್ಚಲಿನಲ್ಲಿ ನೀರು ಸುರಿದುಕೊಳ್ಳುವ ಹೊತ್ತಿಗೆ ಸ್ಟೂಲು ಹತ್ತಿ ಮುಳ್ಳನ್ನು ಮುಂದಕ್ಕೆ ತಳ್ಳುತ್ತಿದ್ದಳಂತೆ. ಜೂನ್ 25ಕ್ಕೂ ಹಾಗೇ, 9ಕ್ಕೂ ಹಾಗೇ. ಯಾಕೆ ಎಂದರೆ, "ಹತ್ತು ಹೊಡೆದ್ರೆ ಅಪ್ಪ ಬರ್ತಾನೆ ಅಂತ ನೀವೇ ಹೇಳಿದ್ರಲ್ಲ" ಎಂದಳು. ಬೇಗ ಹತ್ತು ಹೊಡೆಸಿದರೆ ನೀನು ಬೇಗ ಬರುತ್ತೀಯ ಎಂಬ ಲೆಕ್ಕ ಅವಳದು. ಮೊದಲ ಸಲ ಮುಕ್ಕಾಲು ಗಂಟೆ ತಳ್ಳಿದಳು. ನೀನು ಬರುವಷ್ಟರಲ್ಲಿ ನಾನು ಗ್ರಿಲ್ ಹಾಕಿದ್ದೆ. ಸಾಲಲಿಲ್ಲವೇನೋ ಎಂದುಕೊಂಡು ಎರಡನೆಯ ಸಲ ಒಂದು ಗಂಟೆ ತಳ್ಳಿದಳು. ಮುಳ್ಳನ್ನು ಹಿಂದೆ ತಿರುಗಿಸಬಾರದು ಎಂದು ಕಲಿಸಿದ್ದೆನಲ್ಲ, ಅದಕ್ಕೇ ನಾನು ಮಲಗಿದ ಮೇಲೆ ಲೋಲಕ ನಿಲ್ಲಿಸಿ, ಅರವತ್ತರವರೆಗೆ ಎಣಿಸಿ ಗೋಡೆಗೆ ಬಳಪದಲ್ಲಿ ಒಂದು ಗೆರೆ, ಮತ್ತೆ ಅರವತ್ತು, ಮತ್ತೊಂದು ಗೆರೆ. ನಿಂತ ಲೋಲಕವನ್ನು ಹಿಡಿದುಕೊಳ್ಳಬೇಕಾಗಿಲ್ಲ ಎಂಬುದನ್ನು ಮಾತ್ರ ನಾನು ಹೇಳಿಕೊಟ್ಟಿರಲಿಲ್ಲ. ಬಿಟ್ಟರೆ ಓಡಿಹೋಗುತ್ತದೆ ಎಂದುಕೊಂಡಿದ್ದಾಳೆ. ಕೈ ಎರಡೂ ಕೆಂಪಾಗಿದ್ದವು.

ನೀನು ಕೇಳುತ್ತೀಯ, ಗಡಿಯಾರ ರಿಪೇರಿಯವನಿಗೆ ಒಂದು ಗಂಟೆ ವ್ಯತ್ಯಾಸ ಕಾಣಲಿಲ್ಲವೇ ಎಂದು. ಕಾಣಲಿಲ್ಲ. ಕಣ್ಣಿಗೆ ಪೊರೆ ಬಂದು ವರ್ಷದ ಮೇಲಾಯಿತು. ಮುಳ್ಳು ಹೋಗಲಿ, ನಿನ್ನ ಮುಖವೂ ಗ್ರಿಲ್ಲಿನಾಚೆ ಒಂದು ಮಬ್ಬು. ಗಂಟೆ ಹೊಡೆಯುವುದನ್ನು ಕೇಳಿ ದಿನ ದೂಡುತ್ತಿದ್ದೇನೆ. ನೀನು ಮೊಬೈಲು ಹಿಡಿದಾಗ ನೋಡಲಿಲ್ಲವೆಂದು ಬರೆದೆ, ನೋಡಿದ್ದರೂ ಅದು ಹೊಳೆಯುವ ಹಲಗೆ ಅಷ್ಟೇ. ಅಂಗಡಿಯಲ್ಲಿ ಬ್ಯಾಟರಿ ಹಾಕಿಕೊಡುತ್ತೇನೆ, ಅದೂ ಬೆರಳಿನ ಅಂದಾಜಿನ ಮೇಲೆ. ದೊಡ್ಡ ಕೆಲಸ ಬಂದರೆ "ಸಾಮಾನು ಸಿಗಲ್ಲ" ಎಂದು ಕಳಿಸುತ್ತೇನೆ. ದೀಪದ ಬುಡದಲ್ಲೇ ಕತ್ತಲು ಎಂದು ನಗು. ನಿನ್ನ ಕಾಗದಗಳನ್ನು ಎದುರಂಗಡಿಯ ದರ್ಜಿಯ ಹತ್ತಿರ ಓದಿಸಿಕೊಂಡೆ. ಆ ಮುಂಡೇಗಂಡ ಬೈಗುಳ ಬಂದ ಕಡೆ ಎರಡೆರಡು ಸಲ ಓದಿದ. ಬೀದಿಗೆಲ್ಲ ಕೇಳಿಸಿತು.

ಇಷ್ಟೂ ಗೊತ್ತಾದ ಮೇಲೂ 14ಕ್ಕೆ ನಿನಗೆ ಆ ನಾಲ್ಕು ಸಾಲು ಬರೆದೆ. ಯಾಕೆಂದರೆ ನಿಜ ಹೇಳಿದರೆ ಕಣ್ಣಿನ ವಿಷಯ ಹೇಳಬೇಕು. ಕಣ್ಣಿಲ್ಲದ ಮುದುಕನ ಹತ್ತಿರ ಮಗುವನ್ನು ಬಿಡುತ್ತಾರೆಯೇ? ಅವಳನ್ನೂ ಕಳೆದುಕೊಂಡರೆ ನನಗೆ ಈ ಮನೆಯಲ್ಲಿ ಯಾರಿದ್ದಾರೆ? ಸುಮ್ಮನಿದ್ದುಬಿಟ್ಟರೆ ಗೆಲ್ಲುತ್ತೇನೆ ಎಂದುಕೊಂಡೆ. ಹೇಡಿತನವೇ, ಒಪ್ಪಿಕೊಳ್ಳುತ್ತೇನೆ.

ಆಮೇಲೆ ನಿನ್ನ 18ರ ಕಾಗದ ಬಂತು. ಬಾಯ್ಲರ್ ಬಿಟ್ಟು ಬಂದೆ ಎಂಬಲ್ಲಿಗೆ ಬಂದಾಗ ದರ್ಜಿ ಓದುವುದನ್ನು ನಿಲ್ಲಿಸಿದ. "ಮುಂದೆ ಓದಯ್ಯ" ಎಂದೆ. "ನೀವೇ ಒಬ್ರೇ ಓದ್ಕೊಳ್ಳಿ ಅಣ್ಣ" ಎಂದ, ಆಮೇಲೆ ನೆನಪಾಗಿ ತಾನೇ ಮೆತ್ತಗೆ ಓದಿದ. ಕಸುಬಿನವನು ಕಸುಬಿಗೆ ತಪ್ಪಿದರೆ ಹೇಗಾಗುತ್ತದೆ ಎಂಬುದು ನನಗೆ ಅರ್ಥವಾಗುತ್ತದೆ. ನನಗೂ ಅದೇ ಆಗಿದೆ.

ನನ್ನ ಮಗಳ ವಿಷಯದಲ್ಲಿ ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ಇಳಿಯುತ್ತದೆಂದು ಕಾಯಬೇಡ. ಆದರೆ ಮೂರು ಭಾನುವಾರಗಳಲ್ಲಿ ಎರಡು ನಿನ್ನ ತಪ್ಪಲ್ಲ, ಅದನ್ನು ಮೇಡಂಗೆ ಬರೆದು ಕಳಿಸಿದ್ದೇನೆ. ಕಣ್ಣಿನ ವಿಷಯವನ್ನೂ ಬರೆದಿದ್ದೇನೆ. ದರ್ಜಿ ಬರೆದ, ನಾನು ರುಜು ಹಾಕಿದೆ. ಇನ್ನು ಅವರು ಏನು ಮಾಡುತ್ತಾರೋ ಮಾಡಲಿ.

ಗಡಿಯಾರವನ್ನು ಆವತ್ತಿನಿಂದ ನಡೆಸಿಲ್ಲ. ಸರಿಯಾದ ಹೊತ್ತಿಗೆ ಇಡಲು ನನಗೆ ಕಾಣುವುದಿಲ್ಲ, ಬೀದಿಯವರ ಹತ್ತಿರ ಕೇಳಲು ಬಾಯಿ ಬರುವುದಿಲ್ಲ. ಆಗಸ್ಟ್ 6 ನಿನ್ನ ಭಾನುವಾರ. ಬಂದು ನೀನೇ ಇಡು. ಎಷ್ಟು ಹೊತ್ತಿಗಾದರೂ ಬಾ, ತಡವಾಯಿತು ಎಂದು ಹೇಳಲು ಈ ಮನೆಯಲ್ಲಿ ಈಗ ಏನೂ ಇಲ್ಲ.

ಗುಂಡುಸೂಜಿಗೆ ಇದ್ಯಾವುದನ್ನೂ ಹೇಳಿ ಗದರಬೇಡ. ತನ್ನಿಂದಲೇ ನಿನಗೆ ಒಳಗೆ ಬರಲಾಗಲಿಲ್ಲ ಎಂಬುದು ಅವಳಿಗೆ ಇನ್ನೂ ಗೊತ್ತಿಲ್ಲ.

ಮಾವ


ಜುಲೈ 29

ಮಾವನವರಿಗೆ,

ಮೇಡಂ ಮುಂದೆ 27ಕ್ಕೆ ನೀವು ಒಂದು ಮಾತೂ ಬಿಡದೆ ಎಲ್ಲ ಹೇಳಿದಿರಿ. ನಾನು ಪಕ್ಕದಲ್ಲೇ ಕೂತಿದ್ದೆ, ನಿಮ್ಮ ಜೊತೆ ಮಾತಾಡಲಿಲ್ಲ. ಮಾತಾಡಿದ್ದರೆ ಬೈಗುಳವೇ ಬರುತ್ತಿತ್ತು. ಹೊರಗೆ ಮೆಟ್ಟಿಲು ಇಳಿಯುವಾಗ ನೀವು ಕಾಲಿನಿಂದ ಅಂಚು ತಡಕುತ್ತಿದ್ದಿರಿ. ಕೈ ಕೊಡಬೇಕು ಅನ್ನಿಸಿತು, ಕೊಡಲಿಲ್ಲ. ದರ್ಜಿ ಕೊಟ್ಟ.

ಆ ಎರಡು ಭಾನುವಾರಗಳನ್ನು ಯಾರೂ ವಾಪಸು ಕೊಡಲಾರರು, ನನ್ನ ಬಾಯ್ಲರನ್ನೂ ಕೊಡಲಾರರು. ನಾನು ಮೊಬೈಲು ಹಿಡಿದ ದಿನವೇ ನೀವು ನೋಡಲು ಕಣ್ಣಿಲ್ಲ ಅಂತ ಹೇಳಿದ್ದರೆ ಸಾಕಿತ್ತು. ಆವತ್ತೇ ಎಲ್ಲ ಮುಗಿಯುತ್ತಿತ್ತು. ಇದನ್ನು ನಾನು ಮರೆಯುವುದಿಲ್ಲ. ನೀವೂ ಮರೆಯಬೇಡಿ.

ಮೇಡಂ ಒಪ್ಪಂದ ಹಾಗೇ ಉಳಿಸಿದ್ದಾರೆ. ಮಗು ಸದ್ಯಕ್ಕೆ ನಿಮ್ಮ ಹತ್ತಿರವೇ ಇರಲಿ, ಆದರೆ ನಿಮ್ಮನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವವರು ಯಾರು ಅಂತ ಕೇಳಿದರು. ನಾನು ಕೈ ಎತ್ತಿದೆ. ಬೇರೆ ಯಾರೂ ಇರಲಿಲ್ಲ, ಅದಕ್ಕೇ ಎತ್ತಿದೆ. ಪ್ರೀತಿ ಉಕ್ಕಿ ಬಂತು ಅಂತ ತಿಳಿಯಬೇಡಿ.

ಗೋದಾಮಿನಲ್ಲಿ ಭಾನುವಾರ ಲಾರಿ ಇಲ್ಲ. ಮೂಟೆ ಹೊರುವವನಿಗೆ ಯಾವ ಆಮೇಲಣ್ಣನ ಹಂಗೂ ಇಲ್ಲ. ಬೆನ್ನು ಮುರಿಯುತ್ತದೆ, ಆದರೆ ಶನಿವಾರ ಸಂಜೆಯೇ ಬಸ್ಸು ಹತ್ತಬಹುದು. ಭಾನುವಾರ ಬೆಳಗ್ಗೆ ಏಳಕ್ಕೆ ನಿಮ್ಮ ಗ್ರಿಲ್ ಮುಂದೆ ಇರುತ್ತೇನೆ. ಈ ಸಲ ನಿದ್ದೆ ಮಾಡಿ ಬಂದಿರುತ್ತೇನೆ, ಬೆಂಚಿನ ಮೇಲೆ ಮಲಗುವುದಿಲ್ಲ.

ಗಡಿಯಾರ ನಾನು ಮುಟ್ಟುವುದಿಲ್ಲ. ಅವಳನ್ನು ಹೆಗಲ ಮೇಲೆ ಎತ್ತಿಕೊಳ್ಳುತ್ತೇನೆ, ನಾನು ಹೊತ್ತು ಓದಿ ಹೇಳುತ್ತೇನೆ, ಹೇಗೆ ಇಡಬೇಕೆಂದು ನೀವು ಹೇಳಿ, ಅವಳೇ ಇಡಲಿ. ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ಅವಳು ಮತ್ತೆ ಸ್ಟೂಲು ಹತ್ತಿ ಲೋಲಕ ಹಿಡಿದುಕೊಂಡು ನಿಂತಿದ್ದರೆ, ಕೈ ಬಿಡಿಸಿ. ಅಪ್ಪ ಹೊರಟಿದ್ದಾನೆ, ಇನ್ನು ಎಣಿಸಬೇಡ ಅಂತ ಹೇಳಿ.

ಅಳಿಯ